ಮನೆಯ ನೆಟ್ ಕೆಲಸಕ್ಕೆ ಲ್ಯಾಪ್‌ಟಾಪ್: ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಬೇಡ

ಪಹಣಿ ತೆಗೆಯುವುದು, ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕುವುದು, ಬ್ಯಾಂಕಿನ ಲೆಕ್ಕ ನೋಡುವುದು, ಕಾಲೇಜಿನ ಫೀಸು ಕಟ್ಟುವುದು, ಕಾಫಿ ರೇಟು ನೋಡುವುದು, ಸಂಜೆ ಸ್ವಲ್ಪ ಯೂಟ್ಯೂಬ್, ಬೆಂಗಳೂರಿನಲ್ಲಿರುವ ಮಕ್ಕಳ ಜೊತೆ ವಿಡಿಯೊ ಕಾಲ್. ಹಾಸನ, ಚಿಕ್ಕಮಗಳೂರಿನ ಕಡೆ ಮನೆಗೊಂದು ಲ್ಯಾಪ್‌ಟಾಪ್ ಬೇಕು ಅನ್ನುವವರ ಕೆಲಸ ಹೆಚ್ಚುಕಡಿಮೆ ಇಷ್ಟೇ. ಇದರಲ್ಲಿ ಯಾವುದೂ ಕಂಪ್ಯೂಟರಿಗೆ ಭಾರವಲ್ಲ. ಆದರೂ 25 ಸಾವಿರ ಕೊಟ್ಟು ತಂದ ಹೊಸ ಯಂತ್ರ ಆರೇ ತಿಂಗಳಲ್ಲಿ ತಿಣುಕುವುದುಂಟು, ಅದಕ್ಕಿಂತ ಕಡಿಮೆ ಬೆಲೆಗೆ ಸಿಕ್ಕ ಏಳು ವರ್ಷದ ಹಳೆಯದು ಸಲೀಸಾಗಿ ಓಡುವುದೂ ಉಂಟು. ಅಂಗಡಿಯಲ್ಲಿ ಮೊದಲು ಕಿವಿಗೆ ಬೀಳುವುದು ಪ್ರೊಸೆಸರ್ ಹೆಸರು. ಆದರೆ ಈ ವ್ಯತ್ಯಾಸ ಹುಟ್ಟುವುದು ಬಹುಮಟ್ಟಿಗೆ ರ‍್ಯಾಮ್‌ನಿಂದ, ಸ್ಟೋರೇಜ್‌ನಿಂದ. ಅದರಾಚೆ ನಮ್ಮ ಕಡೆಯ ಮಟ್ಟಿಗೆ ಲೆಕ್ಕಕ್ಕೆ ಬರುವುದು ಕರೆಂಟು ಮತ್ತು ಸಿಗ್ನಲ್.

ಮನೆಯಲ್ಲಿ ಈಗಾಗಲೇ ಒಂದು ಲ್ಯಾಪ್‌ಟಾಪ್ ಇದ್ದು, ಅದು ನಿಧಾನ ಎಂದು ಹೊಸದಕ್ಕೆ ಹೊರಟಿದ್ದರೆ ಒಂದು ನಿಮಿಷ ತಡೆಯಿರಿ. ಅದೇ ಜಾಗದಲ್ಲಿ, ಅದೇ ವೈ-ಫೈನಲ್ಲಿ, ಅದೇ ಪುಟವನ್ನು ಮೊಬೈಲಿನಲ್ಲೂ ತೆರೆದು ನೋಡಿ. ಮೊಬೈಲಿನಲ್ಲೂ ಚಕ್ರ ತಿರುಗುತ್ತಲೇ ಇದ್ದರೆ ತಪ್ಪು ನೆಟ್ಟಿನದು, 60 ಸಾವಿರದ ಲ್ಯಾಪ್‌ಟಾಪ್ ತಂದರೂ ಅದು ಹಾಗೇ ತಿರುಗುತ್ತದೆ. ಮೊಬೈಲಿನಲ್ಲಿ ಬೇಗ ಬಂದರೆ ಲ್ಯಾಪ್‌ಟಾಪಿನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ಪರ್ಫಾರ್ಮೆನ್ಸ್ ಪುಟದಲ್ಲಿ ಮೆಮೊರಿ ಶೇ 90ರ ಹತ್ತಿರ ನಿಂತಿದ್ದರೆ ರ‍್ಯಾಮ್ ಸಾಲದು. ನೀವು ಏನೂ ಮಾಡದಿದ್ದರೂ ಡಿಸ್ಕ್ ಶೇ 100 ತೋರಿಸುತ್ತಿದ್ದರೆ ಒಳಗಿರುವುದು ಬಹುಶಃ ತಿರುಗುವ ಹಳೆ ಹಾರ್ಡ್ ಡಿಸ್ಕ್. ಎರಡಕ್ಕೂ ಹೊಸ ಲ್ಯಾಪ್‌ಟಾಪೇ ಬೇಕೆಂದಿಲ್ಲ. ಹಾರ್ಡ್ ಡಿಸ್ಕ್ ತೆಗೆದು ಅದರ ಬದಲು ತಿರುಗದ, ವೇಗದ ಸ್ಟೋರೇಜ್ ಆದ ಎರಡೂವರೆ ಇಂಚಿನ 256 ಜಿಬಿ ಎಸ್‌ಎಸ್‌ಡಿ ಹಾಕಿಸುವುದು ಊರಿನ ರಿಪೇರಿ ಅಂಗಡಿಯಲ್ಲಿ ಅರ್ಧ ದಿನದ ಕೆಲಸ.

ರ‍್ಯಾಮ್ ಮತ್ತು ಸ್ಟೋರೇಜ್

ತೋಟದವರಿಗೆ ಇದನ್ನು ಹೇಳುವುದು ಸುಲಭ. ರ‍್ಯಾಮ್ ಎಂದರೆ ಕಾಫಿ ಒಣಗಿಸುವ ಕಣ, ಸ್ಟೋರೇಜ್ ಎಂದರೆ ಗೋಡೌನು. ಕಣ ಚಿಕ್ಕದಾದರೆ ಹರವಿದ ಕಾಫಿಯನ್ನು ಅರ್ಧಕ್ಕೇ ಬಾಚಿ ಗೋಡೌನಿಗೆ ಸಾಗಿಸಿ, ಇನ್ನೊಂದು ಲಾಟು ಹರವಿ, ಮತ್ತೆ ಮೊದಲಿನದನ್ನು ಹೊತ್ತು ತರಬೇಕು. 4 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್ ದಿನವಿಡೀ ಮಾಡುವುದು ಇದನ್ನೇ. ವಿಂಡೋಸ್ 11 ಸುಮ್ಮನೆ ಕೂತಾಗಲೇ ಎರಡೂವರೆಯಿಂದ ಮೂರು ಜಿಬಿ ಹಿಡಿಯುತ್ತದೆ. ಗ್ರಾಫಿಕ್ಸ್‌ಗೆ ಬೇರೆ ಮೆಮೊರಿ ಇಲ್ಲದ್ದರಿಂದ ಅದೂ ಇದರಲ್ಲೇ ಪಾಲು ಕೇಳುತ್ತದೆ. ಮೇಲೆ ಕ್ರೋಮ್‌ನಲ್ಲಿ ಎಂಟು ಹತ್ತು ಟ್ಯಾಬ್ ತೆರೆದರೆ ಇನ್ನೆರಡು ಜಿಬಿ ಬೇಕು. ಜಾಗ ಸಾಲದೆ ವಿಂಡೋಸ್ ಹಳೆಯ ಟ್ಯಾಬಿನ ಮಾಹಿತಿಯನ್ನು ಸ್ಟೋರೇಜಿಗೆ ಎತ್ತಿಡುತ್ತದೆ, ನೀವು ಆ ಟ್ಯಾಬಿಗೆ ವಾಪಸು ಬಂದಾಗ ಅಲ್ಲಿಂದ ತರುತ್ತದೆ. ಅರ್ಜಿ ಅರ್ಧ ತುಂಬಿ, ಆಧಾರ್ ಪ್ರತಿ ಹುಡುಕಲು ಇನ್ನೊಂದು ಟ್ಯಾಬಿಗೆ ಹೋಗಿ ಬರುವಷ್ಟರಲ್ಲಿ ಪುಟ ಮತ್ತೆ ಮೊದಲಿಂದ ಲೋಡ್ ಆಗಿ, ತುಂಬಿದ್ದೆಲ್ಲ ಹೋಗಿರುತ್ತದಲ್ಲ, ಅದಕ್ಕೂ ಬಹಳ ಸಲ ಇದೇ ಕಾರಣ. ಮೆಮೊರಿ ಉಳಿಸಲು ಬ್ರೌಸರ್ ಆ ಟ್ಯಾಬನ್ನೇ ಇಳಿಸಿಬಿಟ್ಟಿರುತ್ತದೆ.

ಹಾಗಾಗಿ 8 ಜಿಬಿಗಿಂತ ಕಡಿಮೆ ಬೇಡ. 16 ಜಿಬಿ ಈ ಕೆಲಸಕ್ಕೆ ಅಗತ್ಯವಿಲ್ಲ, ಕಡಿಮೆ ವ್ಯತ್ಯಾಸಕ್ಕೆ ಸಿಕ್ಕರೆ ಬಿಡಬೇಕಾಗಿಯೂ ಇಲ್ಲ. "ಈಗ 4 ಜಿಬಿ ತಗೊಳ್ಳಿ, ಆಮೇಲೆ ಹಾಕಿಸಬಹುದು" ಎಂದು ಅಂಗಡಿಯವರು ಹೇಳಿದರೆ ಹಾಕಿಸಲು ಸ್ಲಾಟ್ ಇದೆಯೇ ಎಂದು ಅಲ್ಲೇ ನೋಡಿ. ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ಫಾರ್ಮ್ ಫ್ಯಾಕ್ಟರ್ ಎಂಬ ಸಾಲಿದೆ. ಅಲ್ಲಿ ಸೋಡಿಮ್ ಎಂದಿದ್ದರೆ ಕಳಚಿ ಬದಲಿಸಬಹುದಾದ ಕಡ್ಡಿ, ರೋ ಆಫ್ ಚಿಪ್ಸ್ ಎಂದಿದ್ದರೆ ಬೋರ್ಡಿಗೇ ಬೆಸುಗೆ ಹಾಕಿದ್ದು. ಸ್ಲಾಟ್ಸ್ ಯೂಸ್ಡ್ ಎಂಬಲ್ಲಿ ಎರಡರಲ್ಲಿ ಒಂದು ಖಾಲಿ ಇದ್ದರೆ ಒಳ್ಳೆಯದೇ. ಆದರೆ 2025ರ ಕೊನೆಯಿಂದ ಮೆಮೊರಿ ಬೆಲೆ ಏರಿದೆ, ಆಮೇಲೆ ಹಾಕಿಸುವ ಲೆಕ್ಕ ಮೊದಲಿನಷ್ಟು ಅಗ್ಗವಾಗಿ ಉಳಿದಿಲ್ಲ.

ಸ್ಟೋರೇಜಿನಲ್ಲಿ ಮೂರು ಜಾತಿ. ತಿರುಗುವ ಹಾರ್ಡ್ ಡಿಸ್ಕ್ ಸೆಕೆಂಡಿಗೆ ನೂರು ಚಿಲ್ಲರೆ ಕಡೆ ಮಾತ್ರ ಹುಡುಕಬಲ್ಲದು. ವಿಂಡೋಸ್ ಶುರುವಾಗುವಾಗ ಬೇಕಾಗುವುದು ಸಾವಿರಾರು ಚಿಕ್ಕ ಕಡತಗಳು, ಅದಕ್ಕೇ ಅದು ಐದು ನಿಮಿಷ ಏದುಸಿರು ಬಿಡುತ್ತದೆ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, ಅದೇ ಕೆಲಸ ಅರ್ಧ ನಿಮಿಷದೊಳಗೆ ಮುಗಿಯುತ್ತದೆ. ಈ ಎರಡರ ನಡುವೆ ಇಎಂಎಂಸಿ ಎಂಬುದೊಂದಿದೆ, ಎಚ್ಚರ ಬೇಕಾದದ್ದು ಇದಕ್ಕೆ. ತೀರ ಅಗ್ಗದ ಹೊಸ ಲ್ಯಾಪ್‌ಟಾಪಿನಲ್ಲಿ 64 ಅಥವಾ 128 ಜಿಬಿ ಇಎಂಎಂಸಿ ಇರುತ್ತದೆ. ಅದು ಮೊಬೈಲಿನಲ್ಲಿರುವಂಥ ಚಿಪ್, ಬೋರ್ಡಿಗೆ ಅಂಟಿದ್ದು, ಬದಲಿಸಲು ಬರುವುದಿಲ್ಲ. 64 ಜಿಬಿಯದನ್ನು ಕೊಂಡರೆ ವಿಂಡೋಸೇ ಅದರಲ್ಲಿ 25–30 ಜಿಬಿ ತಿನ್ನುತ್ತದೆ. ವರ್ಷಕ್ಕೊಮ್ಮೆ ಬರುವ ದೊಡ್ಡ ಅಪ್‌ಡೇಟಿಗೆ ಇನ್ನೂ ಹತ್ತಿಪ್ಪತ್ತು ಜಿಬಿ ಖಾಲಿ ಬೇಕು. ಮನೆಯ ಫೋಟೊ ತುಂಬಿಕೊಂಡ ಮೇಲೆ ಜಾಗವಿಲ್ಲದೆ ಅಪ್‌ಡೇಟ್ ಅರ್ಧಕ್ಕೆ ನಿಲ್ಲುತ್ತದೆ, ಮರುದಿನ ಮತ್ತೆ ಶುರುವಾಗುತ್ತದೆ, ಮತ್ತೆ ನಿಲ್ಲುತ್ತದೆ, ನಡುವೆ ನಿಮ್ಮ ಡೇಟಾ ಖಾಲಿ. 256 ಜಿಬಿ ಎಸ್‌ಎಸ್‌ಡಿ ಸಾಕು, 512 ಸಿಕ್ಕರೆ ಫೋಟೊ ಹೆಚ್ಚಿರುವ ಮನೆಗೆ ಅನುಕೂಲ. "1 ಟಿಬಿ" ಎಂಬ ದೊಡ್ಡ ಅಕ್ಷರಕ್ಕೆ ಮರುಳಾಗಿ ಹಾರ್ಡ್ ಡಿಸ್ಕ್ ಇರುವುದನ್ನು ತರಬೇಡಿ.

ಪ್ರೊಸೆಸರ್ ಹೆಸರುಗಳು

8 ಜಿಬಿ, ಎಸ್‌ಎಸ್‌ಡಿ ಎರಡೂ ಖಾತ್ರಿಯಾದ ಮೇಲೆ ಪ್ರೊಸೆಸರ್ ನೋಡಿ. ಇಂಟೆಲ್‌ನ ಎನ್100, ಎನ್200 ಹೊಸ ಕಾಲದ ಅಗ್ಗದ ಚಿಪ್‌ಗಳು. ನಾಲ್ಕು ಕೋರ್ (ಕೋರ್ ಎಂದರೆ ಚಿಪ್ಪಿನೊಳಗಿನ ಕೆಲಸದ ಘಟಕ), ಆರು ವ್ಯಾಟ್ ವರ್ಗದವು, ಬಿಸಿಯಾಗುವುದು ಕಡಿಮೆ. ಬ್ರೌಸರ್ ಕೆಲಸಕ್ಕೆ ಧಾರಾಳ ಸಾಕು. ಒಂದು ಮೆಟ್ಟಿಲು ಮೇಲೆ ಕೋರ್ ಐ3-1215ಯು ಇದೆ, ಆರು ಕೋರ್, ನಾಲ್ಕೈದು ವರ್ಷದ ಮಟ್ಟಿಗೆ ನೆಮ್ಮದಿ. ಎಎಂಡಿಯಲ್ಲಿ ರೈಜೆನ್ 3 7320ಯು ಎಂಬುದು ಈ ಬೆಲೆಗೆ ಸಿಗುತ್ತದೆ. ಏಳು ಸಾವಿರದ ಸಂಖ್ಯೆ ನೋಡಿ ತೀರ ಹೊಸದು ಅಂದುಕೊಳ್ಳಬೇಡಿ. ಎಎಂಡಿ ಈ ಸಾಲಿನಲ್ಲಿ ಒಳಗಿನ ವಿನ್ಯಾಸದ ತಲೆಮಾರನ್ನು ಮೂರನೆಯ ಅಂಕಿಯಲ್ಲಿ ಇಟ್ಟಿದೆ. ಅಲ್ಲಿ 2 ಇದೆ, ಅಂದರೆ ಜೆನ್ 2, 2019ರಲ್ಲಿ ಮೊದಲು ಬಂದ ವಿನ್ಯಾಸ. ನೆಟ್ ಕೆಲಸಕ್ಕೆ ಕೆಟ್ಟದ್ದೇನಲ್ಲ, ಆದರೆ ಇದರ ಜೊತೆ ಬರುವ ರ‍್ಯಾಮ್ ಯಾವಾಗಲೂ ಬೆಸುಗೆಯದ್ದು, ಕೊಳ್ಳುವಾಗ ಎಷ್ಟಿದೆಯೋ ಕೊನೆಯವರೆಗೂ ಅಷ್ಟೇ. ಬೇಡವೆನ್ನಬೇಕಾದದ್ದು ಸೆಲೆರಾನ್ ಎನ್4020, ಎನ್4500ರಂಥ ಎರಡೇ ಕೋರಿನ ಚಿಪ್‌ಗಳನ್ನು. ವಿಡಿಯೊ ಕಾಲ್ ನಡೆಯುವಾಗಲೇ ಇನ್ನೊಂದು ಟ್ಯಾಬ್ ತೆರೆದರೆ ದನಿ ತುಂಡುತುಂಡಾಗುವುದು ಇವುಗಳಲ್ಲೇ ಹೆಚ್ಚು.

ಹಳೆಯ ಲ್ಯಾಪ್‌ಟಾಪಿನಲ್ಲಿ ಯೂಟ್ಯೂಬ್ ಹಾಕಿದ ಕೂಡಲೇ ಫ್ಯಾನ್ ಗುಂಯ್‌ಗುಡುವುದಕ್ಕೂ ಕಾರಣ ಪ್ರೊಸೆಸರಿನಲ್ಲೇ ಇದೆ. ಯೂಟ್ಯೂಬ್ ವಿಡಿಯೊಗಳನ್ನು ವಿಪಿ9, ಎವಿ1 ಎಂಬ ಬಗೆಗಳಲ್ಲಿ ಕುಗ್ಗಿಸಿ ಕಳಿಸುತ್ತದೆ. ಬಿಚ್ಚುವುದಕ್ಕೆ ಚಿಪ್‌ನಲ್ಲಿ ಪ್ರತ್ಯೇಕ ಭಾಗವಿದ್ದರೆ ಸದ್ದಿಲ್ಲದೆ ನಡೆಯುತ್ತದೆ, ಇಲ್ಲದಿದ್ದರೆ ಪೂರಾ ಪ್ರೊಸೆಸರೇ ಆ ಕೆಲಸಕ್ಕೆ ನಿಲ್ಲಬೇಕು. ಇಂಟೆಲ್‌ನ ಕೋರ್ ಸಾಲಿನ ಚಿಪ್‌ಗಳಲ್ಲಿ ವಿಪಿ9ಗೆ ಪೂರ್ಣ ಸೌಲಭ್ಯ ಬಂದದ್ದು ಏಳನೇ ತಲೆಮಾರಿನಿಂದ, ಎವಿ1ಗೆ ಹನ್ನೊಂದನೆಯದರಿಂದ. ಎನ್100ರಲ್ಲಿ ಎರಡೂ ಇವೆ.

ಸೆಕೆಂಡ್ ಹ್ಯಾಂಡ್ ಆದರೆ

ಹೊಸದಕ್ಕೆ ಸುಮಾರು 30ರಿಂದ 40 ಸಾವಿರ ಇಡಬೇಕಾಗುತ್ತದೆ. ಅಷ್ಟಿಲ್ಲದಿದ್ದರೆ 20 ಸಾವಿರದ ಹೊಸದಕ್ಕಿಂತ ಅದೇ ಬೆಲೆಯ ಹಳೆಯ ಕಂಪನಿ ಲ್ಯಾಪ್‌ಟಾಪ್ ಮೇಲು. ಬೆಂಗಳೂರಿನ ಐಟಿ ಕಚೇರಿಗಳು ಮೂರು ನಾಲ್ಕು ವರ್ಷ ಬಳಸಿ ಬಿಡುವ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೀಟ್‌ಬುಕ್ ಸಾಲಿನವು ಅಲ್ಲಿನ ಎಲೆಕ್ಟ್ರಾನಿಕ್ಸ್ ಪೇಟೆಯಾದ ಎಸ್.ಪಿ. ರಸ್ತೆಯಿಂದ ಹಿಡಿದು ನಮ್ಮ ಊರುಗಳ ಅಂಗಡಿಗಳವರೆಗೆ ಬರುತ್ತವೆ. ಕೀಬೋರ್ಡ್, ಹಿಂಜ್ ಗಟ್ಟಿ, ಬಿಡಿಭಾಗ ಸಿಗುತ್ತದೆ, ರ‍್ಯಾಮ್ ಬಹುತೇಕ ಮಾಡೆಲ್‌ಗಳಲ್ಲಿ ಬದಲಿಸಬಹುದು.

ಇಲ್ಲಿ ಗೆರೆ ಎಳೆಯಬೇಕಾದದ್ದು ಇಂಟೆಲ್ ಪ್ರೊಸೆಸರಿನ ಎಂಟನೇ ತಲೆಮಾರಿನಲ್ಲಿ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಗೆ ಇಂಟೆಲ್‌ನಲ್ಲಿ ಎಂಟನೇ ತಲೆಮಾರು ಅಥವಾ ಆಮೇಲಿನದು, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಬೇಕು. "ಐ5 ಸಾರ್, ಫಸ್ಟ್ ಕ್ಲಾಸ್" ಎಂದಷ್ಟಕ್ಕೇ ಒಪ್ಪಬೇಡಿ, ಐ5 ಎಂಬುದು ಹದಿನೈದು ವರ್ಷದಿಂದ ಇದೆ. ಹೆಸರಿನಲ್ಲಿ ಅಡ್ಡಗೆರೆಯ ನಂತರ ಬರುವ ಸಂಖ್ಯೆ ನೋಡಿ: ಐ5-8350ಯು ಆದರೆ ಎಂಟು, ಐ5-10210ಯು ಆದರೆ ಹತ್ತು, ಐ5-6300ಯು ಆದರೆ ಆರು, ಅದು ಬೇಡ. ಮೇಲಿನ ಸ್ಟಿಕ್ಕರ್ ನಂಬಬೇಡಿ, ಅವು ಬಿಡಿಯಾಗಿಯೂ ಸಿಗುತ್ತವೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಬರೆದಿರುವುದೇ ನಿಜ. ಆರನೇ ತಲೆಮಾರಿನದಕ್ಕೂ ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕಿ ಮಾರುವವರಿದ್ದಾರೆ. ಓಡುತ್ತದೆ, ಸರಿ. ಆದರೆ ಮುಂದಿನ ದೊಡ್ಡ ಅಪ್‌ಡೇಟ್ ತಾನಾಗಿ ಬರುವ ಖಾತ್ರಿಯಿಲ್ಲ, ಬ್ಯಾಂಕ್ ಕೆಲಸಕ್ಕೆ ಅಂಥ ಯಂತ್ರ ಹಿಡಿಯಬಾರದು.

ಕಂಪನಿ ಲ್ಯಾಪ್‌ಟಾಪಿಗೆ ಇನ್ನೊಂದು ಅಪಾಯವಿದೆ. ಕೆಲವು ಯಂತ್ರಗಳ ಗುರುತು ಹಳೆಯ ಕಂಪನಿಯ ಪಟ್ಟಿಯಲ್ಲಿ ಹಾಗೇ ಉಳಿದಿರುತ್ತದೆ. ಅಂಗಡಿಯಲ್ಲಿ ಚೆನ್ನಾಗಿಯೇ ನಡೆಯುತ್ತದೆ. ಒಂದು ವರ್ಷದ ನಂತರ ವಿಂಡೋಸ್ ರಿಸೆಟ್ ಮಾಡಿ ನೆಟ್ಟಿಗೆ ಸೇರಿಸಿದ ಕೂಡಲೇ ಯಾವುದೋ ಕಂಪನಿಯ ಹೆಸರು ಬಂದು ಅವರ ಉದ್ಯೋಗಿಯ ಪಾಸ್‌ವರ್ಡ್ ಕೇಳುತ್ತದೆ, ಮುಂದಕ್ಕೆ ಬಿಡುವುದಿಲ್ಲ. ಅದಕ್ಕೇ ದುಡ್ಡು ಕೊಡುವ ಮೊದಲು ನಿಮ್ಮ ಎದುರೇ ರಿಸೆಟ್ ಮಾಡಿಸಿ, ನಿಮ್ಮ ಮೊಬೈಲ್ ಹಾಟ್‌ಸ್ಪಾಟ್ ಕೊಟ್ಟು ಶುರುವಿನಿಂದ ಸೆಟಪ್ ಮಾಡಿಸಿ. ಮುಕ್ಕಾಲು ಗಂಟೆ ಹಿಡಿಯುತ್ತದೆ. ಬಯಾಸ್‌ಗೆ (ವಿಂಡೋಸ್‌ಗೂ ಮೊದಲು ಶುರುವಾಗುವ ಮೂಲ ತಂತ್ರಾಂಶ) ಪಾಸ್‌ವರ್ಡ್ ಇದೆಯೇ ಎಂಬುದನ್ನೂ ಆಗಲೇ ನೋಡಿ. ಹಾಸನದಿಂದ ಎಸ್.ಪಿ. ರಸ್ತೆಗೆ 180 ಕಿಲೋಮೀಟರ್ ಮೇಲೆ, ವಾಪಸು ಕೊಡಲು ಹೋಗಿ ಬರುವುದರಲ್ಲೇ ಒಂದು ದಿನ ಹೋಗುತ್ತದೆ. ಸಾವಿರ ಎರಡು ಸಾವಿರ ಹೆಚ್ಚಾದರೂ ಊರಿನ ಅಂಗಡಿಯಲ್ಲಿ ಬಿಲ್ಲು, ಲಿಖಿತ ವಾರಂಟಿ ಸಮೇತ ಕೊಳ್ಳುವುದರಲ್ಲಿ ಅರ್ಥವಿದೆ.

ಬ್ಯಾಟರಿಯ ಆಯಸ್ಸು ತಿಳಿಯಲು ಕಮಾಂಡ್ ಪ್ರಾಂಪ್ಟ್ ತೆರೆದು ಇಂಗ್ಲಿಷ್ ಅಕ್ಷರಗಳಲ್ಲಿ ಪವರ್‌ಸಿಎಫ್‌ಜಿ, ಒಂದು ಜಾಗ ಬಿಟ್ಟು ಓರೆಗೆರೆ, ಅದಕ್ಕಂಟಿಸಿ ಬ್ಯಾಟರಿರಿಪೋರ್ಟ್ (powercfg /batteryreport) ಎಂದು ಹೊಡೆಸಿ. ಒಂದು ವರದಿಯ ಕಡತ ಹುಟ್ಟುತ್ತದೆ. ಅದರಲ್ಲಿ ಡಿಸೈನ್ ಕೆಪಾಸಿಟಿ 50,000 ಇದ್ದು ಫುಲ್ ಚಾರ್ಜ್ ಕೆಪಾಸಿಟಿ 30,000 ಇದ್ದರೆ ಬ್ಯಾಟರಿ ಶೇ 60 ಉಳಿದಿದೆ ಎಂದರ್ಥ. ಶೇ 70ಕ್ಕಿಂತ ಕೆಳಗಿದ್ದರೆ ಹೊಸ ಬ್ಯಾಟರಿಯ ಬೆಲೆ ಕಳೆದು ಚೌಕಾಸಿ ಮಾಡಿ. ಥಿಂಕ್‌ಪ್ಯಾಡ್ ಟಿ480ರಂಥ ಮಾಡೆಲಿನಲ್ಲಿ ಒಳಗೊಂದು, ಹಿಂದೆ ಕಳಚಬಹುದಾದದ್ದೊಂದು ಎಂದು ಎರಡು ಬ್ಯಾಟರಿ ಇರುವುದರಿಂದ ಬದಲಿಸುವುದು ಸುಲಭ.

ವಿಂಡೋಸ್ ಬೇಕೇ ಬೇಕೇ?

ಬರೀ ಬ್ರೌಸರ್, ಮೇಲ್, ಯೂಟ್ಯೂಬ್ ಆದರೆ ಬೇಕಿಲ್ಲ. ಕ್ರೋಮ್‌ಬುಕ್ ಎಂದರೆ ವಿಂಡೋಸ್ ಬದಲು ಗೂಗಲ್‌ನ ಕ್ರೋಮ್ಓಎಸ್ ಓಡುವ ಲ್ಯಾಪ್‌ಟಾಪ್. ಅದು ಬೇಗ ಶುರುವಾಗುತ್ತದೆ, ವೈರಸ್ ಕಾಟ ಕಡಿಮೆ, 2021ರಿಂದೀಚೆಗೆ ಬಂದ ಮಾಡೆಲ್‌ಗಳಿಗೆ ಗೂಗಲ್ ಹತ್ತು ವರ್ಷ ಅಪ್‌ಡೇಟ್ ಕೊಡುತ್ತದೆ. ಆದರೆ ನಮ್ಮ ಕಡೆ ಇದನ್ನು ಕೊಳ್ಳುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ಮನೆಯಲ್ಲಿ ಯಾರಾದರೂ ಗುತ್ತಿಗೆ ಕೆಲಸದವರಿದ್ದು ರಾಜ್ಯ ಸರ್ಕಾರದ ಖರೀದಿ ತಾಣವಾದ ಕೆಪಿಪಿಪಿ ಪೋರ್ಟಲ್‌ನಲ್ಲಿ ಟೆಂಡರ್ ಹಾಕುತ್ತಾರೆಯೇ? ಹಾಕುವುದಾದರೆ ಡಿಎಸ್‌ಸಿ ಟೋಕನ್ (ಡಿಜಿಟಲ್ ಸಹಿ ಇರುವ ಯುಎಸ್‌ಬಿ ಕಡ್ಡಿ) ಬೇಕು, ಅದರ ಡ್ರೈವರ್ ಕ್ರೋಮ್‌ಬುಕ್‌ನಲ್ಲಿ ಕೂರುವುದಿಲ್ಲ, ವಿಂಡೋಸೇ ಬೇಕು. ಕಚೇರಿಯಿಂದ, ಶಾಲೆಯಿಂದ ನುಡಿಯಲ್ಲಿ ಟೈಪ್ ಮಾಡಿದ ಹಳೆ ಕಡತಗಳು ಬರುತ್ತವೆಯೇ? ಕನ್ನಡ ಗಣಕ ಪರಿಷತ್ತಿನ ನುಡಿ ವಿಂಡೋಸ್‌ನ ತಂತ್ರಾಂಶ. ಯೂನಿಕೋಡ್ ಅಲ್ಲದ ಅದರ ಹಳೆಯ ಫಾಂಟ್‌ನಲ್ಲಿರುವ ಕಡತ, ಆ ಫಾಂಟ್ ಇಲ್ಲದ ಯಂತ್ರದಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತದೆ. ಎರಡಕ್ಕೂ ಇಲ್ಲ ಎಂಬುದೇ ಉತ್ತರವಾದರೆ ಕ್ರೋಮ್‌ಬುಕ್ ತರಬಹುದು. ಅಲ್ಲೂ 4 ಜಿಬಿ ಸಾಲದು ಎಂಬ ಮಾತು ಬದಲಾಗುವುದಿಲ್ಲ.

ಎಂಟನೇ ತಲೆಮಾರಿಗಿಂತ ಹಳೆಯ ಲ್ಯಾಪ್‌ಟಾಪ್ ಮನೆಯಲ್ಲೇ ಇದ್ದರೆ ಎಸ್‌ಎಸ್‌ಡಿ ಹಾಕಿಸಿ ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಹಾಕಬಹುದು. ಅದು ಉಚಿತ, 22ನೇ ಆವೃತ್ತಿಗೆ 2029ರವರೆಗೆ ಬೆಂಬಲವಿದೆ. ಕನ್ನಡಕ್ಕೆ ಕಗಪ ಕೀಲಿಮಣೆ ವಿನ್ಯಾಸ ಅದರಲ್ಲೇ ಸಿಗುತ್ತದೆ. ಪ್ರಿಂಟರ್, ಸ್ಕ್ಯಾನರ್ ಮೊದಲು ಜೋಡಿಸಿ ನೋಡಿಕೊಳ್ಳಿ, ತೊಡಕು ಬರುವುದು ಅಲ್ಲೇ.

ಪರದೆಯ ವಿಷಯಕ್ಕೆ ಹೆಚ್ಚು ಮಾತು ಬೇಡ: 1920 ಬೈ 1080 ಇರಲಿ, ಪಕ್ಕದಿಂದ ನೋಡಿದರೂ ಚೆನ್ನಾಗಿ ಕಾಣುವ ಐಪಿಎಸ್ ಬಗೆಯದಾದರೆ ಲೇಸು. 1366 ಬೈ 768ರಲ್ಲಿ ಸರ್ಕಾರಿ ಅರ್ಜಿಯ ಪುಟ ಅರ್ಧಕ್ಕೆ ಕತ್ತರಿಸಿದಂತಾಗಿ ಸಬ್‌ಮಿಟ್ ಗುಂಡಿ ಹುಡುಕುವುದೇ ಕೆಲಸವಾಗುತ್ತದೆ. ಅಗಲವಾದ ಹಳೆ ಬಗೆಯ ಯುಎಸ್‌ಬಿ ಕಿಂಡಿ ಎರಡಾದರೂ ಬೇಕು, ಪ್ರಿಂಟರಿಗೊಂದು, ಪೆನ್‌ಡ್ರೈವಿಗೊಂದು.

ಕರೆಂಟು, ಸಿಗ್ನಲ್, ಮಳೆ

ಮೂಡಿಗೆರೆ, ಸಕಲೇಶಪುರ, ಕೊಪ್ಪ, ಶೃಂಗೇರಿ ಕಡೆ ಮುಂಗಾರು ಹಿಡಿದರೆ ಮರ ಬಿದ್ದು ತಂತಿ ಹರಿದು ಕರೆಂಟು ಗಂಟೆಗಟ್ಟಲೆ ಇರುವುದಿಲ್ಲ. ಕರೆಂಟು ಕೊಡುವ ಕಂಪನಿ ಹಾಸನಕ್ಕೆ ಸೆಸ್ಕ್, ಚಿಕ್ಕಮಗಳೂರಿಗೆ ಮೆಸ್ಕಾಂ, ಮಳೆಗಾಲದ ಪಾಡು ಎರಡು ಕಡೆಯೂ ಒಂದೇ. ಲ್ಯಾಪ್‌ಟಾಪ್ ತನ್ನ ಬ್ಯಾಟರಿಯಲ್ಲಿ ನಾಲ್ಕೈದು ಗಂಟೆ ಓಡೀತು. ಲೆಕ್ಕ ಸರಳ: 42 ವ್ಯಾಟ್-ಅವರ್ ಬ್ಯಾಟರಿ, ಬ್ರೌಸರ್ ಕೆಲಸಕ್ಕೆ ಎಂಟು ಹತ್ತು ವ್ಯಾಟ್ ಖರ್ಚು. ಆದರೆ ಮನೆಯ ಫೈಬರ್ ರೂಟರ್ ಕರೆಂಟು ಹೋದ ಕ್ಷಣವೇ ಸಾಯುತ್ತದಲ್ಲ, ಬ್ಯಾಟರಿ ಇದ್ದು ಏನು ಬಂತು? ರೂಟರಿಗೊಂದು ಮಿನಿ ಯುಪಿಎಸ್ ಹಾಕಿ, ಎರಡು ಮೂರು ಗಂಟೆ ನಡೆಯುತ್ತದೆ. ಕೊಳ್ಳುವ ಮೊದಲು ರೂಟರಿನ ಅಡಾಪ್ಟರ್ ಮೇಲಿರುವ ಅಂಕಿ ಓದಿ. ಸಾಮಾನ್ಯವಾಗಿ 12 ವೋಲ್ಟ್ ಇರುತ್ತದೆ, 9 ವೋಲ್ಟಿನವೂ ಇವೆ. ತಪ್ಪು ವೋಲ್ಟೇಜ್ ಕೊಟ್ಟರೆ ರೂಟರ್ ಸುಟ್ಟೀತು.

ಲೋ ವೋಲ್ಟೇಜಿಗೆ ಹೆದರಿ ಲ್ಯಾಪ್‌ಟಾಪಿಗೆ ಸ್ಟೆಬಿಲೈಸರ್ ತರುವುದು ವ್ಯರ್ಥ. ಚಾರ್ಜರ್ ಮೇಲೆ ಇನ್‌ಪುಟ್ 100–240 ಎಂದು ಬರೆದಿರುತ್ತದೆ, ಸಂಜೆಯ 160 ವೋಲ್ಟಿನಲ್ಲೂ ಅದು ಕೆಲಸ ಮಾಡುತ್ತದೆ. ಕೊಲ್ಲುವುದು ಕರೆಂಟು ವಾಪಸು ಬರುವಾಗಿನ ಏಟು ಮತ್ತು ಏಪ್ರಿಲ್–ಮೇ ತಿಂಗಳ ಸಿಡಿಲು. ಗುಡುಗು ಕೇಳಿದರೆ ಚಾರ್ಜರ್, ರೂಟರ್ ಎರಡರ ಪ್ಲಗ್ಗನ್ನೂ ಕಿತ್ತುಬಿಡಿ. ಫೈಬರ್ ತಂತಿಯಲ್ಲಿ ಸಿಡಿಲು ಹರಿಯದು, ಆದರೆ ರೂಟರಿನ ಅಡಾಪ್ಟರ್ ಮೂಲಕ ಬರುತ್ತದೆ. ಸದಾ ಪ್ಲಗ್ಗಿನಲ್ಲೇ ಇಡುವವರು ಬ್ಯಾಟರಿ ಬಾಳಲೆಂದು ಶೇ 80ಕ್ಕೆ ಚಾರ್ಜ್ ನಿಲ್ಲಿಸುವ ಸೌಲಭ್ಯ ಬಳಸುತ್ತಾರೆ. ಒಳ್ಳೆಯ ಅಭ್ಯಾಸವೇ, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲಿ ಅದನ್ನು ತೆಗೆದು ನೂರಕ್ಕೆ ನೂರು ತುಂಬಿಸಿಡುವುದೇ ಜಾಣತನ.

ಫೈಬರ್ ಇಲ್ಲದ ಎಸ್ಟೇಟು, ಒಂಟಿ ಮನೆಗಳಲ್ಲಿ ನೆಟ್ ಎಂದರೆ ಮೊಬೈಲ್ ಹಾಟ್‌ಸ್ಪಾಟ್. ಸಿಗ್ನಲ್ ಸಿಗುವ ಕಿಟಕಿಯ ಬಳಿ ಮೊಬೈಲ್ ಇಟ್ಟು, ಹಾಟ್‌ಸ್ಪಾಟನ್ನು 2.4 ಗಿಗಾಹರ್ಟ್ಸ್‌ಗೆ ಹಾಕಿ. ದಪ್ಪ ಗೋಡೆ ದಾಟುವುದರಲ್ಲಿ ಅದು 5 ಗಿಗಾಹರ್ಟ್ಸ್‌ಗಿಂತ ಮೇಲು. ಪಕ್ಕದಲ್ಲೇ ಕೂರುವುದಾದರೆ ಚಾರ್ಜಿಂಗ್ ಕೇಬಲ್‌ನಿಂದ ಯುಎಸ್‌ಬಿ ಟೆದರಿಂಗ್ ಮಾಡಿ, ಮೊಬೈಲ್ ಬ್ಯಾಟರಿಯೂ ಇಳಿಯದು, ಸಂಪರ್ಕವೂ ಕಡಿಯದು. ಮುಖ್ಯವಾಗಿ ವಿಂಡೋಸ್‌ನ ವೈ-ಫೈ ಸೆಟ್ಟಿಂಗ್‌ನಲ್ಲಿ ಆ ಹಾಟ್‌ಸ್ಪಾಟನ್ನು ಮೀಟರ್ಡ್ ಕನೆಕ್ಷನ್ ಎಂದು ಗುರುತು ಮಾಡಿ. ಮಾಡದಿದ್ದರೆ ಹಿಂಬದಿಯಲ್ಲಿ ಅಪ್‌ಡೇಟ್ ಇಳಿದು ದಿನದ ಒಂದೂವರೆ ಜಿಬಿ ಬೆಳಗಿನ ಕಾಫಿಯೊಳಗೇ ಮುಗಿದಿರುತ್ತದೆ. ತಿಂಗಳಿಗೊಮ್ಮೆ ಪೇಟೆಯಲ್ಲಿ ನೆಂಟರ ಮನೆಯ ವೈ-ಫೈ ಸಿಕ್ಕಾಗ ಅಪ್‌ಡೇಟ್ ಮುಗಿಸಿಕೊಳ್ಳಿ, ಬಿಡಬೇಡಿ.

ಮಳೆಗಾಲದ ತೇವ ನಿಧಾನಕ್ಕೆ ಕೆಲಸ ಕೆಡಿಸುತ್ತದೆ. ಒದ್ದೆ ಗೋಡೆಗೆ ತಾಗಿದ ಬೀರುವಿನಲ್ಲಿ ಎರಡು ತಿಂಗಳು ಮುಚ್ಚಿಟ್ಟರೆ ಕೀಬೋರ್ಡಿನ ಪದರ, ಕನೆಕ್ಟರ್‌ಗಳು ಕಿಲುಬು ಹಿಡಿಯುತ್ತವೆ. ದಿನಾ ಅರ್ಧ ಗಂಟೆಯಾದರೂ ಓಡಿಸಿ, ಅದರ ಬಿಸಿಯೇ ತೇವ ತೆಗೆಯುತ್ತದೆ. ಅರಸೀಕೆರೆ, ಕಡೂರಿನ ಬಯಲಿನವರಿಗೆ ತೇವದ ಚಿಂತೆಯಿಲ್ಲ, ಧೂಳಿನದು ಇದೆ. ಫ್ಯಾನ್ ಕಟ್ಟಿಕೊಂಡು ಯಂತ್ರ ಬಿಸಿಯಾದರೆ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿಸಿ ಊದಿಸಿ.

ಕೊಂಡ ದಿನ

ವಾರಂಟಿ ಒಂದು ವರ್ಷ ಎಂದಷ್ಟೇ ಕೇಳಿದರೆ ಸಾಲದು. ಆನ್‌ಸೈಟ್ ಆದರೆ ಅವರು ಮನೆಗೆ ಬರುತ್ತಾರೆ, ಕ್ಯಾರಿ-ಇನ್ ಆದರೆ ನೀವು ಹೊತ್ತೊಯ್ಯಬೇಕು. ಕಂಪನಿಯ ಜಾಲತಾಣದಲ್ಲಿ ನಿಮ್ಮ ಪಿನ್‌ಕೋಡ್ ಹಾಕಿ ನೋಡಿ, ಜಿಲ್ಲಾ ಕೇಂದ್ರಕ್ಕೆ ಇರುವ ಸೇವೆ ಹೋಬಳಿಗೆ ಇಲ್ಲದಿರಬಹುದು. ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರಸ್ಥರು ವ್ಯವಹಾರಕ್ಕೆಂದೇ ಕೊಳ್ಳುವುದಾದರೆ ಬಿಲ್ಲಿನಲ್ಲಿ ತಮ್ಮ ಸಂಖ್ಯೆ ಹಾಕಿಸಿ, ಶೇ 18ರ ತೆರಿಗೆಗೆ ಇನ್‌ಪುಟ್ ಕ್ರೆಡಿಟ್ ಪಡೆಯಬಹುದು.

ಕೆಲವು ಅಗ್ಗದ ಲ್ಯಾಪ್‌ಟಾಪ್‌ಗಳು ಎಸ್ ಮೋಡ್‌ನಲ್ಲಿ ಬರುತ್ತವೆ. ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿರುವುದನ್ನು ಬಿಟ್ಟು ಬೇರೇನೂ ಅದರಲ್ಲಿ ಇನ್‌ಸ್ಟಾಲ್ ಆಗದು, ನುಡಿಯೂ ಆಗದು. ಸ್ಟೋರ್ ಮೂಲಕವೇ ಉಚಿತವಾಗಿ ಹೊರಬರಬಹುದು, ಮತ್ತೆ ಒಳಹೋಗಲು ಬರುವುದಿಲ್ಲ, ಹೋಗಬೇಕಾಗಿಯೂ ಇಲ್ಲ. ಜೊತೆಗೆ ಬಂದ ಟ್ರಯಲ್ ಆ್ಯಂಟಿವೈರಸ್ ತೆಗೆದುಹಾಕಿ, ವಿಂಡೋಸ್‌ನಲ್ಲೇ ಇರುವ ಡಿಫೆಂಡರ್ ಸಾಕು. ಪತ್ರ, ಲೆಕ್ಕಕ್ಕೆ ದುಡ್ಡು ಕೊಟ್ಟು ಆಫೀಸ್ ಕೊಳ್ಳುವ ಬದಲು ಲಿಬ್ರೆಆಫೀಸ್ ಹಾಕಿಕೊಳ್ಳಬಹುದು.

ವಿಂಡೋಸ್ 11 ಹೋಮ್ ಸೆಟಪ್ ಮಾಡುವಾಗ ಮೈಕ್ರೋಸಾಫ್ಟ್ ಖಾತೆ ಕೇಳುತ್ತದೆ. ಅಂಗಡಿಯ ಹುಡುಗ "ನಾನೇ ಮಾಡ್ಕೊಡ್ತೀನಿ ಸಾರ್" ಎಂದು ಯಾವುದೋ ಹೊಸ ಮೇಲ್ ಸೃಷ್ಟಿಸಿ ಎರಡು ನಿಮಿಷದಲ್ಲಿ ಮುಗಿಸಿಬಿಡುತ್ತಾನೆ. ಒಪ್ಪಬೇಡಿ. ಈಗಿನ ಬಹಳಷ್ಟು ಯಂತ್ರಗಳಲ್ಲಿ ವಿಂಡೋಸ್ ತಾನಾಗಿ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿ, ಅಂದರೆ ಬೇರೆಯವರು ಓದಲಾಗದಂತೆ ಬೀಗ ಹಾಕಿ, ಅದನ್ನು ಬಿಡಿಸುವ 48 ಅಂಕಿಯ ರಿಕವರಿ ಕೀಯನ್ನು ಅದೇ ಖಾತೆಯಲ್ಲಿ ಇಡುತ್ತದೆ. ಮುಂದೊಂದು ದಿನ ಬಯಾಸ್ ಅಪ್‌ಡೇಟ್ ಆಗಿಯೋ ಬೋರ್ಡ್ ಬದಲಾಗಿಯೋ ನೀಲಿ ಪರದೆ ಬಂದು ಆ ಕೀ ಕೇಳಿದಾಗ, ಆ ಮೇಲ್ ಯಾವುದು, ಪಾಸ್‌ವರ್ಡ್ ಏನು ಎಂದು ಯಾರಿಗೂ ಗೊತ್ತಿರುವುದಿಲ್ಲ, ಒಳಗಿನ ಫೋಟೊ, ಕಾಗದಪತ್ರ ತೆಗೆಯುವ ದಾರಿಯೂ ಇರುವುದಿಲ್ಲ. ನಿಮ್ಮ ಸ್ವಂತ ಮೇಲ್, ನಿಮ್ಮ ಮೊಬೈಲ್ ನಂಬರ್ ಕೊಟ್ಟು ನೀವೇ ಖಾತೆ ತೆರೆಯಿರಿ. ಮನೆಗೆ ಬಂದ ಮೇಲೆ ಮೈಕ್ರೋಸಾಫ್ಟ್ ಖಾತೆಯ ಪುಟಕ್ಕೆ ಹೋಗಿ, ನಿಮ್ಮ ಡಿವೈಸ್‌ನ ಹೆಸರಿನ ಕೆಳಗೆ ರಿಕವರಿ ಕೀ ಇರುವುದನ್ನು ಕಣ್ಣಾರೆ ನೋಡಿ, ಕಾಗದದ ಮೇಲೆ ಬರೆದು ಲ್ಯಾಪ್‌ಟಾಪಿನ ಬಿಲ್ಲಿನ ಜೊತೆ ಪಿನ್ನು ಹೊಡೆದಿಡಿ.